ದೇಶಿ ಕಾರೋ, ವಿದೇಶಿ ಕಾರೋ? ಕೆಲಸದ ಲೆಕ್ಕ ಹಾಕಿ ಆರಿಸುವ ಬಗೆ

ಮಾರುತಿಯ ನೆಕ್ಸಾ ಶೋರೂಂನಲ್ಲಿ ಮಾರಾಟಕ್ಕೆ ನಿಲ್ಲುವ ಗ್ರ್ಯಾಂಡ್ ವಿಟಾರಾ 2022ರಲ್ಲಿ ಮಾರುಕಟ್ಟೆಗೆ ಬಂದದ್ದು ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ. ಟೊಯೋಟಾ ಹೆಸರಿನಲ್ಲಿ ಸಿಗುವ ಗ್ಲಾಂಜಾ ತಯಾರಾಗುವುದು ಗುಜರಾತಿನ ಹನ್ಸಲ್‌ಪುರದ ಸುಜುಕಿ ಕಾರ್ಖಾನೆಯಲ್ಲಿ. ಅದೇ ಟೊಯೋಟಾದವರು ಮಾರುವ ವೆಲ್‌ಫೈರ್ ಜಪಾನಿನಿಂದ ಹಡಗಿನಲ್ಲಿ ಇಡಿಯಾಗಿ ಬಂದಿಳಿಯುತ್ತದೆ. ಇನ್ನು ಟಾಟಾ ಒಡೆತನದ ಲ್ಯಾಂಡ್ ರೋವರ್ ಡಿಫೆಂಡರ್ ಸ್ಲೊವಾಕಿಯಾದ ನಿತ್ರಾ ಊರಿನದು. ‘ನಮ್ಮವರಿಗೆ ಕೆಲಸ ಸಿಗಲಿ, ದೇಶಿ ಕಾರನ್ನೇ ತಗೊಳ್ಳೋಣ’ ಎಂದು ಹೊರಟವರು ಬಾನೆಟ್ ಮೇಲಿನ ಲಾಂಛನ ನೋಡಿ ತೀರ್ಮಾನಿಸಿದರೆ ಎಡವುವುದು ಇಲ್ಲೇ.

ಕೆಲಸದ ದೃಷ್ಟಿಯಿಂದ ಕಾರನ್ನು ಅಳೆಯಲು ನೋಡಬೇಕಾದದ್ದು ನಾಲ್ಕು: ಬಿಡಿಭಾಗಗಳಲ್ಲಿ ಎಷ್ಟು ಇಲ್ಲಿ ತಯಾರಾಗುತ್ತವೆ, ಕಾರನ್ನು ಎಲ್ಲಿ ಜೋಡಿಸುತ್ತಾರೆ, ಮಾರಿದ ಮೇಲೆ ಅದನ್ನು ಯಾರು ರಿಪೇರಿ ಮಾಡುತ್ತಾರೆ, ಕಂಪನಿಯ ಮಾಲೀಕ ಯಾರು. ಮಹತ್ವವೂ ಇದೇ ಕ್ರಮದಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ಜನ ನೋಡುವುದು ಮಾತ್ರ ಕೊನೆಯದನ್ನೇ ಮೊದಲು.

ಮಾಲೀಕ ಯಾರು ಎಂಬ ಪ್ರಶ್ನೆ

ಪೂರ್ತಿ ಭಾರತೀಯ ಹಿಡಿತದಲ್ಲಿರುವ ದೊಡ್ಡ ಕಾರು ಕಂಪನಿಗಳು ಎರಡೇ: ಟಾಟಾ ಮತ್ತು ಮಹೀಂದ್ರ. ಮಾರುತಿಯನ್ನು ನಮ್ಮದೆಂದು ತಿಳಿದವರು ಬಹಳ ಮಂದಿ. 1983ರಲ್ಲಿ ಗುರುಗ್ರಾಮದಿಂದ ಮೊದಲ ಮಾರುತಿ 800 ಹೊರಬಂದಾಗ ಅದು ಸರ್ಕಾರಿ ಕಂಪನಿಯಾಗಿತ್ತು, ನಿಜ. ಆದರೆ 2002ರಲ್ಲಿ ಸುಜುಕಿ ಬಹುಪಾಲು ಷೇರು ಪಡೆಯಿತು, 2007ರಲ್ಲಿ ಸರ್ಕಾರ ತನ್ನ ಪಾಲನ್ನೆಲ್ಲ ಮಾರಿ ಹೊರನಡೆಯಿತು. ಈಗ ಶೇ. 58ರಷ್ಟು ಸುಜುಕಿಯದು. ಟೊಯೋಟಾ ಕಿರ್ಲೋಸ್ಕರ್‌ನಲ್ಲಿ ಕಿರ್ಲೋಸ್ಕರ್ ಪಾಲು ಸುಮಾರು ಶೇ. 11. ಎಂಜಿ ಎಂಬ ಬ್ರಿಟಿಷ್ ಹೆಸರಿನ ಹಿಂದೆ ಚೀನಾದ ಸೈಕ್ ಕಂಪನಿಯ ಶೇ. 49 ಮತ್ತು ನಮ್ಮ ಜೆಎಸ್‌ಡಬ್ಲ್ಯೂನ ಶೇ. 35 ಇದೆ. ವೋಲ್ವೊ ಕಾರು ಸ್ವೀಡನ್ನಿನದು ಎನ್ನುತ್ತೇವೆ, 2010ರಿಂದ ಅದರ ಒಡೆಯ ಚೀನಾದ ಗೀಲಿ.

ಮಾಲೀಕತ್ವದಿಂದ ತೀರ್ಮಾನವಾಗುವುದು ಲಾಭ ಎಲ್ಲಿಗೆ ಹೋಗುತ್ತದೆ ಎಂಬುದು. ಹ್ಯುಂಡೈ ಇಂಡಿಯಾ 2024ರ ಅಕ್ಟೋಬರಿನಲ್ಲಿ ಷೇರುಪೇಟೆಗೆ ಬಂದು ಎತ್ತಿದ ಸುಮಾರು 27,870 ಕೋಟಿ ರೂಪಾಯಿಯಲ್ಲಿ ಹೊಸ ಷೇರಿನ ಹಣ ಒಂದು ರೂಪಾಯಿಯೂ ಇರಲಿಲ್ಲ. ಮಾತೃಸಂಸ್ಥೆ ತನ್ನ ಷೇರು ಮಾರಿತ್ತು, ಹಣ ಕೊರಿಯಾಕ್ಕೆ ಹೋಯಿತು. ಲಾಭಾಂಶದ ಜೊತೆಗೆ ರಾಯಲ್ಟಿಯೂ, ಅಂದರೆ ಮಾತೃಸಂಸ್ಥೆಯ ತಂತ್ರಜ್ಞಾನ ಮತ್ತು ಹೆಸರು ಬಳಸಿದ್ದಕ್ಕೆ ಕೊಡುವ ಶುಲ್ಕವೂ ಇದೆ. ಮಾರುತಿ ತನ್ನ ಮಾರಾಟದ ಶೇ. 3.5ರ ಆಸುಪಾಸು ಸುಜುಕಿಗೆ ರಾಯಲ್ಟಿ ಕೊಡುತ್ತದೆ. ತನ್ನ ನೌಕರರ ಸಂಬಳ-ಸವಲತ್ತಿಗೆ ಅದು ಖರ್ಚು ಮಾಡುವುದು ಶೇ. 4ರ ಹತ್ತಿರ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದವರು ಕಡಿಮೆ.

ವಿನ್ಯಾಸ ಮತ್ತು ಸಂಶೋಧನೆಯ ಕೆಲಸವೂ ಸಾಮಾನ್ಯವಾಗಿ ಮಾಲೀಕನ ಊರಿನ ಕಡೆಗೇ ವಾಲುತ್ತದೆ. ಹೊಸ ಕಾರಿನ ಆಕಾರ, ಎಂಜಿನ್, ಸಾಫ್ಟ್‌ವೇರ್ ತೀರ್ಮಾನವಾಗುವುದು ಟಾಟಾದಲ್ಲಿ ಹೆಚ್ಚಾಗಿ ಪುಣೆಯಲ್ಲಿ, ಮಹೀಂದ್ರದಲ್ಲಿ ಚೆನ್ನೈ ಹೊರವಲಯದ ಸಂಶೋಧನಾ ಕೇಂದ್ರದಲ್ಲಿ. ಇದಕ್ಕೊಂದು ಅಪವಾದ ಬೆಂಗಳೂರಿನಲ್ಲೇ ಇದೆ. ಮರ್ಸಿಡಿಸ್‌ಗೆ ಜರ್ಮನಿಯ ಹೊರಗಿರುವ ಅತಿ ದೊಡ್ಡ ಸಂಶೋಧನಾ ಕೇಂದ್ರ ವೈಟ್‌ಫೀಲ್ಡ್‌ನಲ್ಲಿದೆ. ಆದರೆ ಆ ಕೆಲಸ ನಿಂತಿರುವುದು ಜಗತ್ತಿನ ಮಾರಾಟದ ಮೇಲೆ. ನೀವು ಇಲ್ಲೊಂದು ಮರ್ಸಿಡಿಸ್ ಕೊಂಡಿರೆಂದು ಅಲ್ಲಿ ಒಂದು ಕುರ್ಚಿ ಹೆಚ್ಚುವುದಿಲ್ಲ.

ವಿದೇಶಿ ಕಂಪನಿ ಬಾಗಿಲು ಹಾಕಿಕೊಂಡು ಹೋಗುತ್ತದೆ ಎಂಬ ಭಯಕ್ಕೆ ಆಧಾರವಿದೆ. ಜನರಲ್ ಮೋಟರ್ಸ್ 2017ರಲ್ಲಿ ಇಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿದಾಗ ಸುಮಾರು 4,000 ನೌಕರರಿಗೆ ತೊಂದರೆಯಾಗುತ್ತದೆಂದು ಕಂಪನಿಯೇ ಒಪ್ಪಿಕೊಂಡಿತ್ತು. ಡೀಲರುಗಳ ಸೇಲ್ಸ್ ಹುಡುಗರು, ವರ್ಕ್‌ಶಾಪಿನ ಮೆಕ್ಯಾನಿಕ್‌ಗಳು ಆ ಲೆಕ್ಕದಲ್ಲಿ ಇರಲಿಲ್ಲ. ಹಾಗೆಂದು ದೇಶಿ ಒಡೆತನವೇ ಖಾತ್ರಿ ಎನ್ನಲಾಗದು. ಅಂಬಾಸಿಡರ್ ತಯಾರಿಸುತ್ತಿದ್ದ ಹಿಂದೂಸ್ತಾನ್ ಮೋಟರ್ಸ್‌ನ ಉತ್ತರಪಾಡಾ ಕಾರ್ಖಾನೆ 2014ರಲ್ಲಿ ಬೀಗ ಹಾಕಿಕೊಂಡಿತು. ಕಾರ್ಖಾನೆ ಉಳಿಯುವುದು ಕಾರು ಮಾರಾಟವಾದರೆ, ರಫ್ತಾದರೆ. ಭಾರತದಲ್ಲಿ ತಯಾರಾದ ಸುಜುಕಿ ಫ್ರಾಂಕ್ಸ್ ಮತ್ತು ಹೋಂಡಾ ಎಲಿವೇಟ್ ಜಪಾನಿಗೇ ರಫ್ತಾಗುತ್ತಿವೆ. ಅಂಥ ಮಾದರಿ ತಯಾರಿಸುವವರ ಕೆಲಸ ನಮ್ಮ ದಸರಾ-ದೀಪಾವಳಿ ಮಾರಾಟವೊಂದನ್ನೇ ನೆಚ್ಚಿಲ್ಲ.

ಇಡಿ ಕಾರು, ಕಿಟ್ ಕಾರು, ಇಲ್ಲಿಯೇ ತಯಾರಾದ ಕಾರು

ಪೂರ್ತಿ ತಯಾರಾಗಿ ಹಡಗಿನಲ್ಲಿ ಬರುವ ಕಾರಿಗೆ ವ್ಯಾಪಾರದ ಮಾತಿನಲ್ಲಿ ಸಿಬಿಯು ಎನ್ನುತ್ತಾರೆ. ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಬಂದು ಇಲ್ಲಿ ಜೋಡಣೆಯಾಗುವುದು ಸಿಕೆಡಿ. ಎಂಜಿನ್, ಗೇರ್‌ಬಾಕ್ಸ್ ಮೊದಲೇ ಜೋಡಿಸಿಕೊಂಡು ಅರೆಬರೆಯಾಗಿ ಬರುವುದು ಎಸ್‌ಕೆಡಿ. ಸುಂಕದ ಮಟ್ಟ ನೋಡಿದರೆ ಸರ್ಕಾರ ಯಾವುದನ್ನು ಎಷ್ಟು ದೂರ ಇಡಬಯಸುತ್ತದೆ ಎಂಬುದು ತಿಳಿಯುತ್ತದೆ. 2025ರ ಬಜೆಟ್ ನಂತರದ ದರದಲ್ಲಿ, ವಿಮೆ-ಸಾಗಣೆ ಸೇರಿ 40,000 ಡಾಲರ್ ಒಳಗಿನ ಸಿಬಿಯು ಕಾರಿಗೆ ಶೇ. 70, ಅದಕ್ಕೂ ಮೀರಿದರೆ ಕೃಷಿ ಸೆಸ್ ಸೇರಿ ಶೇ. 110. ಎಸ್‌ಕೆಡಿಗೆ ಶೇ. 35ರ ಆಸುಪಾಸು, ಸಿಕೆಡಿಗೆ ಮೂಲ ಸುಂಕ ಶೇ. 15. ಬ್ರಿಟನ್ ಜೊತೆ 2025ರ ಜುಲೈನಲ್ಲಿ ಸಹಿಯಾದಂಥ ವ್ಯಾಪಾರ ಒಪ್ಪಂದಗಳು ಈ ದರಗಳನ್ನು ನಿಗದಿತ ಸಂಖ್ಯೆಯ ಕಾರುಗಳಿಗೆ ಹಂತಹಂತವಾಗಿ ಇಳಿಸುತ್ತವೆ. ಹಾಗಾಗಿ ಕೊಳ್ಳುವ ತಿಂಗಳಿನ ದರವನ್ನೇ ಕೇಳಿ ತಿಳಿಯಿರಿ.

ಒಂದು ಲೆಕ್ಕ ಹಾಕೋಣ. ನಮ್ಮ ಬಂದರಿಗೆ ಬಂದಾಗ 30 ಲಕ್ಷ ಬೆಲೆಯ ದೊಡ್ಡ ಪೆಟ್ರೋಲ್ ಕಾರು. ಶೇ. 70 ಸುಂಕ 21 ಲಕ್ಷ, ಒಟ್ಟು 51 ಲಕ್ಷ. ಅದರ ಮೇಲೆ ಶೇ. 40 ಜಿಎಸ್‌ಟಿ 20.40 ಲಕ್ಷ. ಡೀಲರ್ ಪಾಲು, ರಸ್ತೆ ತೆರಿಗೆ, ವಿಮೆ ಸೇರುವ ಮೊದಲೇ 71.40 ಲಕ್ಷ. ಇದರಲ್ಲಿ ತೆರಿಗೆಯೇ 41.40 ಲಕ್ಷ. ಸರ್ಕಾರಕ್ಕೆ ಇದು ಸುಗ್ಗಿ, ಆದರೆ ಇಲ್ಲಿ ಹುಟ್ಟುವ ಕೆಲಸ ಬಂದರು, ಲಾರಿ, ಶೋರೂಂ, ಸರ್ವಿಸ್ ಇಷ್ಟಕ್ಕೇ ನಿಲ್ಲುತ್ತದೆ. ವೆಲ್ಡಿಂಗ್, ಪ್ರೆಸ್, ಪೇಂಟ್, ಎರಕ, ಸೀಟು ಹೊಲಿಗೆ, ವೈರಿಂಗ್ ಯಾವುದೂ ಇಲ್ಲಿಯದಲ್ಲ.

ಸಿಕೆಡಿ ಕಾರು ಇದಕ್ಕಿಂತ ವಾಸಿ, ಆದರೆ ಹಿಗ್ಗುವಷ್ಟಲ್ಲ. ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ 2017ರಿಂದ ವೋಲ್ವೊ ಕಾರುಗಳ ಜೋಡಣೆ ನಡೆಯುತ್ತಿದೆ. ಜೋಡಣೆಯ ಶೆಡ್ಡಿನಲ್ಲಿ ಕೆಲಸ ಸಿಗುತ್ತದೆ. ಬಾಡಿ, ಎಂಜಿನ್ ಮುಂತಾದ ದೊಡ್ಡ ಭಾಗಗಳ ತಯಾರಿಕೆಯ ಕೆಲಸ ಮಾತ್ರ ಹೊರದೇಶದಲ್ಲೇ ಉಳಿಯುತ್ತದೆ. ‘ಮೇಡ್ ಇನ್ ಇಂಡಿಯಾ’ ಎಂದು ಸೇಲ್ಸ್‌ನವರು ಹೇಳಿದಾಗ ‘ಜೋಡಿಸಿದ್ದೋ, ತಯಾರಿಸಿದ್ದೋ?’ ಎಂದು ಕೇಳಬೇಕಾದದ್ದು ಇದಕ್ಕೇ.

ಹೆಚ್ಚಿನ ಕೆಲಸ ಇರುವುದು ಬಿಡಿಭಾಗಗಳಲ್ಲಿ

ಮಾರುತಿಯ ಲೆಕ್ಕಕ್ಕೇ ಮರಳೋಣ. ಮಾರಾಟದ ಹಣದಲ್ಲಿ ಸಂಬಳ ಶೇ. 4ರ ಹತ್ತಿರ ಎಂದೆವು. ಕಚ್ಚಾಮಾಲು ಮತ್ತು ಬಿಡಿಭಾಗಗಳ ಖರೀದಿ ಶೇ. 70ಕ್ಕೂ ಹೆಚ್ಚು. ಅಂದರೆ ಕಾರಿನಿಂದ ಹುಟ್ಟುವ ಕೆಲಸದ ದೊಡ್ಡ ಪಾಲು ಕಂಪನಿಯ ಗೇಟಿನೊಳಗೆ ಇಲ್ಲ. ಅದು ಗೇಟಿನ ಹೊರಗೆ, ಬಂಪರ್ ಅಚ್ಚು ಹೊಯ್ಯುವವರಲ್ಲಿ, ಬ್ರೇಕ್ ಡ್ರಮ್ ಎರಕ ಹಾಕುವವರಲ್ಲಿ, ಗೇರ್ ಹಲ್ಲು ಕೊರೆಯುವವರಲ್ಲಿ ಇದೆ. ಶಿವಮೊಗ್ಗದ ಮಾಚೇನಹಳ್ಳಿ, ಬೆಳಗಾವಿಯ ಉದ್ಯಮಬಾಗ್‌ನ ಫೌಂಡ್ರಿಗಳು, ಪೀಣ್ಯದ ಸಣ್ಣ ಮಷಿನ್ ಶಾಪ್‌ಗಳು ಇಂಥ ಸರಪಳಿಯಿಂದ ಬದುಕುವ ಜಾಗಗಳು. ಟಾಟಾ ಕಾರುಗಳ ಜೋಡಣೆ ಪುಣೆ, ಸಾನಂದ್, ರಂಜನಗಾಂವ್‌ಗಳಲ್ಲಿ. ಧಾರವಾಡದ ಟಾಟಾ ಘಟಕದಿಂದ ಬರುವುದು ಬಸ್ಸು ಮತ್ತು ಸಣ್ಣ ವಾಣಿಜ್ಯ ವಾಹನ. ಆದರೂ ಟಾಟಾ ಅಥವಾ ಮಹೀಂದ್ರ ಕಾರಿನೊಳಗಿನ ಒಂದು ಎರಕದ ತುಂಡು ಕರ್ನಾಟಕದ್ದಾಗಿರಬಹುದು, ಬಿಡದಿಯಲ್ಲಿ ತಯಾರಾದ ಕಾರಿನೊಳಗಿನ ಹತ್ತಾರು ಭಾಗ ತಮಿಳುನಾಡಿನದಾಗಿರಬಹುದು. ರಾಜ್ಯದ ಗಡಿ ಎಳೆದು ಲೆಕ್ಕ ಹಾಕುವುದು ಒಂದು ಹಂತದ ನಂತರ ಅರ್ಥಹೀನ.

ಹಾಗಿದ್ದೂ ಬಿಡದಿಯ ಪ್ರಸ್ತಾಪ ಆಗಲೇಬೇಕು, ಏಕೆಂದರೆ ಕರ್ನಾಟಕದ ಮಟ್ಟಿಗೆ ಕಾರಿನ ಕೆಲಸವೆಂದರೆ ಮುಖ್ಯವಾಗಿ ಬಿಡದಿಯೇ. 1997ರಲ್ಲಿ ಶುರುವಾದ ಟೊಯೋಟಾ ಕಿರ್ಲೋಸ್ಕರ್ ಕಂಪನಿ ಕ್ವಾಲಿಸ್‌ನಿಂದ ಆರಂಭಿಸಿ ಈಗ ಇನ್ನೋವಾ ಕ್ರಿಸ್ಟಾ, ಹೈಕ್ರಾಸ್, ಫಾರ್ಚೂನರ್, ಹೈರೈಡರ್‌ಗಳನ್ನು ಅಲ್ಲಿ ತಯಾರಿಸುತ್ತದೆ. ಸುತ್ತಮುತ್ತ ಅದಕ್ಕೆ ಮಾಲು ಪೂರೈಸುವ ಘಟಕಗಳಿವೆ. ಟೊಯೋಟಾ ಕಿರ್ಲೋಸ್ಕರ್ ಆಟೋ ಪಾರ್ಟ್ಸ್ ಗೇರ್‌ಬಾಕ್ಸ್ ಜೊತೆಗೆ ಹೈಬ್ರಿಡ್ ಕಾರಿನ ಇ-ಡ್ರೈವ್ (ವಿದ್ಯುತ್ ಮೋಟರಿನಿಂದ ಚಕ್ರ ತಿರುಗಿಸುವ ಭಾಗ) ಕೂಡ ಇಲ್ಲಿಯೇ ಮಾಡುತ್ತದೆ, ಜಿಗಣಿಯ ಇನ್ನೊಂದು ಟೊಯೋಟಾ ಸಮೂಹದ ಕಂಪನಿ ಡೀಸೆಲ್ ಎಂಜಿನ್ ಮಾಡುತ್ತದೆ. ಮೂರನೆಯ ಘಟಕಕ್ಕೆ 3,300 ಕೋಟಿ ಹೂಡಿ ವರ್ಷಕ್ಕೆ 1 ಲಕ್ಷ ಕಾರಿನ ಸಾಮರ್ಥ್ಯ, ಸುಮಾರು 2,000 ಕೆಲಸ ಎಂದು 2023ರ ನವೆಂಬರಿನಲ್ಲಿ ರಾಜ್ಯ ಸರ್ಕಾರದೊಡನೆ ಒಪ್ಪಂದವಾಗಿದೆ. ಕೋಟಿಗೆ ಒಂದು ಕೆಲಸಕ್ಕೂ ಕಡಿಮೆ ಎಂದು ಮೂಗು ಮುರಿಯಬಹುದು. ರೋಬಾಟ್ ವೆಲ್ಡಿಂಗ್ ಮಾಡುವ ಕಾಲದಲ್ಲಿ ಯಾವ ಕಂಪನಿಯ ಹೊಸ ಘಟಕವಾದರೂ ಹೀಗೆಯೇ. ಉಳಿದದ್ದು ಪೂರೈಕೆದಾರರಲ್ಲಿ ಹುಟ್ಟಬೇಕು.

ಕೆಲಸದ ಸಂಖ್ಯೆಯಷ್ಟೇ ಅದರ ಗುಣವೂ ಮುಖ್ಯ. 2007ರಿಂದ ಬಿಡದಿಯಲ್ಲಿ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆ ನಡೆಯುತ್ತಿದೆ. ಎಸ್ಸೆಸ್ಸೆಲ್ಸಿ ಮುಗಿಸಿದ ಹಳ್ಳಿಯ ಮಕ್ಕಳಿಗೆ ಮೂರು ವರ್ಷದ ವಸತಿ ತರಬೇತಿ ಅದು. ಅದೇ ಬಿಡದಿಯಲ್ಲಿ 2020ರ ನವೆಂಬರಿನಿಂದ ತಿಂಗಳುಗಟ್ಟಲೆ ಮುಷ್ಕರ, ಲಾಕೌಟ್ ಕೂಡ ನಡೆದವು. ಕಾಯಂ ನೌಕರರು ಎಷ್ಟು, ಗುತ್ತಿಗೆಯವರೂ ಅಪ್ರೆಂಟಿಸ್‌ಗಳೂ ಎಷ್ಟು ಎಂಬುದು ದೇಶಿ-ವಿದೇಶಿ ಎಲ್ಲ ಕಂಪನಿಗಳಿಗೂ ಕೇಳಬೇಕಾದ ಪ್ರಶ್ನೆ. ಷೇರುಪೇಟೆಯಲ್ಲಿರುವ ದೊಡ್ಡ ಕಂಪನಿಗಳ ವಾರ್ಷಿಕ ವರದಿಯ ಕೊನೆಯಲ್ಲಿ ‘ವ್ಯವಹಾರ ಹೊಣೆಗಾರಿಕೆ’ ಎಂಬ ಭಾಗವಿರುತ್ತದೆ. ಅಲ್ಲಿ ಕಾಯಂ ಮತ್ತು ಕಾಯಮಲ್ಲದ ಕಾರ್ಮಿಕರ ಸಂಖ್ಯೆಯನ್ನು ಬೇರೆಬೇರೆ ಕೊಟ್ಟಿರುತ್ತಾರೆ.

ಕಾರು ತಯಾರಾದ ರಾಜ್ಯಕ್ಕೇ ತೆರಿಗೆಯೂ ಹೋಗುತ್ತದೆ ಎಂಬ ತಪ್ಪು ತಿಳಿವಳಿಕೆ ಇದೆ. ಜಿಎಸ್‌ಟಿ ಬಳಕೆಯ ರಾಜ್ಯಕ್ಕೆ ಸೇರುವ ತೆರಿಗೆ. ಕಾರು ಗುಜರಾತಿನಲ್ಲಿ ತಯಾರಾಗಲಿ, ಬಿಡದಿಯಲ್ಲಿ ಆಗಲಿ, ನೀವು ಇಲ್ಲಿ ಕೊಂಡು ಇಲ್ಲಿ ನೋಂದಾಯಿಸಿದರೆ ರಾಜ್ಯ ಜಿಎಸ್‌ಟಿ ಪಾಲು ಕರ್ನಾಟಕಕ್ಕೇ ಬರುತ್ತದೆ. ಪೆಟ್ರೋಲ್-ಡೀಸೆಲ್ ಕಾರಿನ ಬೆಲೆಗೆ ತಕ್ಕಂತೆ ಶೇ. 13ರಿಂದ 18ರವರೆಗಿನ ಆಜೀವ ರಸ್ತೆ ತೆರಿಗೆಯೂ ಇಲ್ಲಿಗೇ.

ಪರೀಕ್ಷಿಸುವುದು ಹೇಗೆ

ಅಮೆರಿಕದಲ್ಲಿರುವ ಕನ್ನಡಿಗರಿಗೆ ಈ ಕಷ್ಟ ಕಡಿಮೆ. 1992ರ ಕಾನೂನಿನ ಪ್ರಕಾರ ಅಲ್ಲಿ ಮಾರುವ ಹೊಸ ಕಾರಿಗೆ ಅಮೆರಿಕ-ಕೆನಡಾದ ಭಾಗಗಳು ಶೇ. ಎಷ್ಟು, ಕೊನೆಯ ಜೋಡಣೆ ಯಾವ ಊರಲ್ಲಿ, ಎಂಜಿನ್ ಮತ್ತು ಗೇರ್‌ಬಾಕ್ಸ್ ಯಾವ ದೇಶದ್ದು ಎಂಬ ಚೀಟಿ ಅಂಟಿಸಲೇಬೇಕು. ನಮ್ಮಲ್ಲಿ ಅಂಥ ಚೀಟಿ ಇಲ್ಲ, ಹುಡುಕಿಕೊಳ್ಳಬೇಕು.

ಮೊದಲು ಚಾಸಿಸ್ ನಂಬರ್. 17 ಅಕ್ಷರ-ಅಂಕಿಗಳ ಈ ಸಂಖ್ಯೆ ಡ್ರೈವರ್ ಬಾಗಿಲಿನ ಕಂಬದ ಮೇಲೆ, ಮುಂದಿನ ಸೀಟಿನ ಕೆಳಗೆ ಅಥವಾ ಬಾನೆಟ್ ಒಳಗೆ ಸಿಗುತ್ತದೆ. ಮೊದಲ ಮೂರು ಅಕ್ಷರ ತಯಾರಕನ ಗುರುತು: ‘ಎಂಎ3’ ಮಾರುತಿ, ‘ಎಂಎಟಿ’ ಟಾಟಾ, ‘ಎಂಎ1’ ಮಹೀಂದ್ರ, ‘ಎಂಎಎಲ್’ ಹ್ಯುಂಡೈ, ‘ಎಂಬಿಜೆ’ ಟೊಯೋಟಾ ಕಿರ್ಲೋಸ್ಕರ್, ‘ಎಂಜೆಡ್‌ಬಿ’ ಕಿಯಾ. ಮೊದಲ ಅಕ್ಷರ ‘ಜೆ’ ಇದ್ದರೆ ಜಪಾನ್, ‘ಕೆ’ ಕೊರಿಯಾ, ‘ಎಲ್’ ಚೀನಾ, ‘ಡಬ್ಲ್ಯೂ’ ಜರ್ಮನಿ. ‘ಎಂ’ ಕಂಡ ಕೂಡಲೇ ಭಾರತ ಎಂದು ನಿರ್ಧರಿಸಬೇಡಿ. ಆ ಅಕ್ಷರವನ್ನು ಇಂಡೊನೇಷ್ಯಾ, ಥಾಯ್ಲೆಂಡ್‌ಗಳೂ ಹಂಚಿಕೊಂಡಿವೆ. ಎರಡನೆಯ ಅಕ್ಷರ ‘ಎ’ಯಿಂದ ‘ಇ’ವರೆಗೆ ಅಥವಾ ‘ಜೆಡ್’ ಇದ್ದರೆ ನಮ್ಮದು, ‘ಎಲ್’ನಿಂದ ‘ಆರ್’ವರೆಗೆ ಇದ್ದರೆ ಥಾಯ್ಲೆಂಡಿನದು. ಈ ಮೊದಲ ಅಕ್ಷರಗಳು ಹೇಳುವುದು ತಯಾರಕ ಯಾರು ಎಂಬುದನ್ನು ಮಾತ್ರ. ಒಳಗಿನ ಭಾಗಗಳ ಮೂಲ ಇದರಿಂದ ತಿಳಿಯದು.

ಅದನ್ನು ತಿಳಿಯಲು ಕಂಪನಿಯ ಸ್ಪೇರ್ ಪಾರ್ಟ್ಸ್ ಕೌಂಟರಿಗೆ ಹೋಗಿ. ಮುಂದಿನ ಗಾಜು, ಹೆಡ್‌ಲೈಟ್, ಕ್ಲಚ್ ಪ್ಲೇಟ್, ಪವರ್ ವಿಂಡೋ ಮೋಟರ್, ಈ ನಾಲ್ಕರ ಬೆಲೆ ಮತ್ತು ಸಿಗುವ ದಿನ ಕೇಳಿ. ಸಾಧ್ಯವಾದರೆ ಪೊಟ್ಟಣ ನೋಡಿ. ಆಮದಾದ ಮಾಲಿನ ಪೊಟ್ಟಣದ ಮೇಲೆ ಆಮದುದಾರನ ಹೆಸರು, ಮೂಲ ದೇಶ ಮುದ್ರಿಸಿರಬೇಕೆಂಬುದು ಅಳತೆ-ತೂಕದ ನಿಯಮ. ನಾಲ್ಕರಲ್ಲಿ ಮೂರು ಇಲ್ಲಿಯವೇ ಆಗಿದ್ದು ಎರಡು-ಮೂರು ದಿನದಲ್ಲಿ ಸಿಗುತ್ತವೆ ಎಂದರೆ ಆ ಕಾರಿನ ಬೇರು ಆಳಕ್ಕಿದೆ. ‘ಆರ್ಡರ್ ಹಾಕಬೇಕು, ತಿಂಗಳಾಗಬಹುದು’ ಎಂದರೆ ಅದು ಜೋಡಣೆಯ ಕಾರು. ಇದು ಕೆಲಸದ ಲೆಕ್ಕವೂ ಹೌದು, ಅಪಘಾತವಾದ ದಿನ ನಿಮ್ಮ ಜೇಬಿನ ಲೆಕ್ಕವೂ ಹೌದು.

ಕೊನೆಗೆ, ಹಣ ಪೂರ್ತಿ ಕಟ್ಟುವ ಮುನ್ನ ಇನ್‌ವಾಯ್ಸ್ ಮತ್ತು ಫಾರಂ 22ರಲ್ಲಿರುವ (ಕಾರು ರಸ್ತೆಗಿಳಿಯಲು ಯೋಗ್ಯ ಎಂದು ತಯಾರಕ ಕೊಡುವ ಪತ್ರ) ಚಾಸಿಸ್ ನಂಬರ್ ಕಾರಿನ ಮೇಲಿನದಕ್ಕೆ ಹೊಂದುತ್ತದೆಯೇ ನೋಡಿ. ಸಿಬಿಯು ಆದರೆ ಕಸ್ಟಮ್ಸ್‌ನ ಬಿಲ್ ಆಫ್ ಎಂಟ್ರಿ ಪ್ರತಿ ಕೇಳಿ ಇಟ್ಟುಕೊಳ್ಳಿ.

ಯಾವ ಬೆಲೆಗೆ ಯಾವುದು

ನಾಲ್ಕು ಮೀಟರ್ ಒಳಗಿನ, 1200 ಸಿಸಿವರೆಗಿನ ಪೆಟ್ರೋಲ್ ಅಥವಾ 1500 ಸಿಸಿವರೆಗಿನ ಡೀಸೆಲ್ ಕಾರಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 18. ಈ ವರ್ಗದಲ್ಲಿ ಮಾರುತಿ, ಟಾಟಾ, ಹ್ಯುಂಡೈ ಎಲ್ಲವೂ ಇಲ್ಲಿಯೇ ತಯಾರಾಗುತ್ತವೆ, ಭಾಗಗಳೂ ಬಹುಪಾಲು ಇಲ್ಲಿಯವೇ. ಕೆಲಸದ ಕಾರಣಕ್ಕೆ ತಲೆ ಕೆಡಿಸಿಕೊಳ್ಳುವಷ್ಟು ವ್ಯತ್ಯಾಸವಿಲ್ಲ. ಉಳಿದೆಲ್ಲ ಸಮನಾಗಿದ್ದರೆ, ಲಾಭ ಮತ್ತು ವಿನ್ಯಾಸದ ಕೆಲಸ ಎರಡೂ ಇಲ್ಲೇ ಉಳಿಯುವ ಕಾರಣಕ್ಕೆ ಟಾಟಾಗೆ ಒಂದು ಅಂಕ ಹೆಚ್ಚು. ನಿಮ್ಮ ತಾಲ್ಲೂಕಿನಲ್ಲಿ ಸರ್ವಿಸ್ ಸೆಂಟರ್ ಇರುವುದು ಮಾರುತಿಯದು ಮಾತ್ರವಾಗಿದ್ದರೆ ಆ ಅಂಕ ಬಿಟ್ಟುಬಿಡಿ. ಮೂರು ಗಂಟೆ ದೂರದ ವರ್ಕ್‌ಶಾಪಿಗಿಂತ ಊರಿನ ಮೆಕ್ಯಾನಿಕ್‌ಗೆ ಸಿಗುವ ಸಂಬಳ ಮುಖ್ಯ.

ಅದಕ್ಕಿಂತ ದೊಡ್ಡ ಪೆಟ್ರೋಲ್-ಡೀಸೆಲ್ ಕಾರುಗಳಿಗೆ ಶೇ. 40. ಏಳು ಜನರ ಕುಟುಂಬಕ್ಕೆ ಮಹೀಂದ್ರ ಎಕ್ಸ್‌ಯುವಿ700 ವರ್ಗದ ಕಾರೋ, ಇನ್ನೋವಾ ಹೈಕ್ರಾಸೋ ಎಂಬಲ್ಲಿ ‘ಸ್ಥಳೀಯ’ ಎಂದರೆ ದೇಶವೋ ರಾಜ್ಯವೋ ಎಂದು ನೀವೇ ತೀರ್ಮಾನಿಸಬೇಕು. ದೇಶವೆಂದರೆ ಮಹೀಂದ್ರ, ಕರ್ನಾಟಕವೆಂದರೆ ಹೈಕ್ರಾಸ್. ಕಿಯಾ ಕಾರು ತಯಾರಾಗುವ ಪೆನುಕೊಂಡ ಆಂಧ್ರದಲ್ಲಿದ್ದರೂ ಬೆಂಗಳೂರಿಗೆ ಪುಣೆಗಿಂತ ಎಷ್ಟೋ ಹತ್ತಿರ. ಡೀಸೆಲ್ ಬೇಕೆಂದಿದ್ದರೆ ಇನ್ನೊಂದು ಮಾತು: ಡೀಸೆಲ್ ಎಂಜಿನ್ನಿನ ಇಂಧನ ಪಂಪು ತಯಾರಿಕೆಯಲ್ಲಿ, ಹಳಬರು ಮೈಕೋ ಎಂದೇ ಕರೆಯುವ ಬಾಷ್ ಕಂಪನಿಯ ಬಿಡದಿ ಘಟಕ ದೊಡ್ಡದು. ಡೀಸೆಲ್ ಕಾರು ಕಡಿಮೆಯಾದಂತೆ ಅಲ್ಲಿನ ಕೆಲಸದ ಮೇಲೂ ಒತ್ತಡ ಬೀಳುತ್ತದೆ. ಬ್ರ್ಯಾಂಡ್ ಬದಲಿಸುವುದಕ್ಕಿಂತ ಇಂಧನ ಬದಲಿಸುವುದೇ ಕೆಲಸಗಳನ್ನು ಹೆಚ್ಚು ಕದಲಿಸುತ್ತದೆ.

ವಿದ್ಯುತ್ ಕಾರಿನಲ್ಲಿ ಜಿಎಸ್‌ಟಿ ಶೇ. 5 ಮಾತ್ರ, ಆದರೆ ದೇಶಿ-ವಿದೇಶಿ ಗೆರೆ ಅಲ್ಲಿ ಇನ್ನೂ ಮಸುಕು. ಕಾರಿನ ಬೆಲೆಯಲ್ಲಿ ದೊಡ್ಡ ಪಾಲು ಬ್ಯಾಟರಿಯದು, ಅದರೊಳಗಿನ ಸೆಲ್‌ಗಳು ಬಹುಮಟ್ಟಿಗೆ ಚೀನಾದವು. ಮಹೀಂದ್ರ ಬಿಇ 6ರಲ್ಲಿರುವುದು ಚೀನಾದ ಬಿವೈಡಿ ಕಂಪನಿಯ ಸೆಲ್. ಹ್ಯುಂಡೈ ಕ್ರೆಟಾ ಎಲೆಕ್ಟ್ರಿಕ್‌ನ ಬ್ಯಾಟರಿ ಪ್ಯಾಕ್ ಜೋಡಣೆ ಶ್ರೀಪೆರುಂಬುದೂರಿನಲ್ಲಿ, ಸೆಲ್ ಮಾತ್ರ ಹೊರಗಿನದು. 2025ರ ಏಪ್ರಿಲ್‌ನಲ್ಲಿ ಚೀನಾ ಅಪರೂಪದ ಲೋಹಗಳ ರಫ್ತಿಗೆ ಕಡಿವಾಣ ಹಾಕಿದಾಗ ಮೋಟರಿನ ಅಯಸ್ಕಾಂತಕ್ಕೆ ಎಲ್ಲ ಕಂಪನಿಗಳೂ ಪರದಾಡಿದವು. ಇಲ್ಲಿ ಹಿಡಿಯಬಹುದಾದ ಒಳ್ಳೆಯ ಅಳತೆಗೋಲು ಕೇಂದ್ರದ ಉತ್ಪಾದನಾ ಪ್ರೋತ್ಸಾಹ ಯೋಜನೆ. ಅದರ ಹಣ ಸಿಗಬೇಕಾದರೆ ಮೌಲ್ಯದ ಕನಿಷ್ಠ ಶೇ. 50 ದೇಶದೊಳಗೆ ಸೇರಿರಬೇಕು, ಅದಕ್ಕೆ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರ ಬೇಕು. ನೀವು ನೋಡುತ್ತಿರುವ ಮಾದರಿಗೆ ಆ ಪ್ರಮಾಣಪತ್ರ ಬಂದಿದೆಯೇ ಎಂದು ಡೀಲರನ್ನು ಕೇಳಿ. ಟಾಟಾ, ಮಹೀಂದ್ರಗಳ ಹಲವು ಮಾದರಿಗಳಿಗೆ ಬಂದಿದೆ. 2025ರ ಜುಲೈನಲ್ಲಿ ಶಾಂಘೈನಿಂದ ಇಡಿಯಾಗಿ ಬಂದಿಳಿದು ಸುಮಾರು 60 ಲಕ್ಷಕ್ಕೆ ಮಾರಾಟಕ್ಕೆ ನಿಂತ ಟೆಸ್ಲಾ ಮಾಡೆಲ್ ವೈ ಈ ಸಾಲಿನ ಇನ್ನೊಂದು ತುದಿ.

ಹಳೆಯ ಕಾರು ಕೊಳ್ಳುವವರಿಗೆ ಈ ಲೆಕ್ಕ ತಲೆಕೆಳಗು. ಕಾರ್ಖಾನೆಯ ಕೆಲಸ ಆಗಲೇ ಮುಗಿದಿದೆ, ಇನ್ನು ಉಳಿದದ್ದು ಗ್ಯಾರೇಜಿನದು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಭಾಗ ಸಿಗುವ, ಯಾವ ಊರಿನ ಟಿಂಕರನೂ ಕೈ ಹಾಕಬಲ್ಲ ಕಾರಾದರೆ ಖರ್ಚೆಲ್ಲ ಊರೊಳಗೇ ಸುತ್ತುತ್ತದೆ. ಕಂಪನಿಯೇ ಹೊರಟುಹೋದ ಫೋರ್ಡ್ ಇಕೊಸ್ಪೋರ್ಟ್‌ನಂಥ ಕಾರುಗಳು ಈಗ ಅಗ್ಗಕ್ಕೆ ಸಿಗುತ್ತವೆ, ಓಡಿಸಲೂ ಚೆನ್ನ. ಬ್ರೇಕ್ ಪ್ಯಾಡ್, ಫಿಲ್ಟರ್, ಶಾಕ್ ಅಬ್ಸಾರ್ಬರ್‌ಗಳಂಥ ಸವೆಯುವ ಭಾಗಗಳಿಗೆ ಹೊರಗಿನ ಬ್ರ್ಯಾಂಡ್ ಹುಡುಕಿಕೊಳ್ಳಬಹುದು. ಬಾಗಿಲು, ಬಂಪರ್, ಹೆಡ್‌ಲೈಟ್, ಎಂಜಿನ್ ಕಂಪ್ಯೂಟರ್ ವಿಷಯದಲ್ಲಿ ಮಾತ್ರ ಮುಂಗಡ ಕೊಡುವ ಮುನ್ನವೇ ಬೆಲೆಯನ್ನೂ ಸಿಗುವ ದಿನವನ್ನೂ ಬರಹದಲ್ಲಿ ಕೇಳಿಟ್ಟುಕೊಳ್ಳಿ.